ಮುಂದೆ ನಿಲ್ಲುವವಳು ನಾನೇ

ಪೊಲೀಸ್ ಕೆಲಸದಲ್ಲಿ ನಗುವಂಥದ್ದು ಏನಿರುತ್ತೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನಗಬಾರದು ಅಂತ ಆಜ್ಞೆ ಇರುವ ಕಡೆಯೇ ನಗು ಹೆಚ್ಚು ಬರುವುದು. ಈಗ ಠಾಣೆಯಲ್ಲೂ ದಿನಕ್ಕೊಂದು ನಡೆಯುತ್ತಲೇ ಇರುತ್ತದೆ. ಆದರೆ ಕೋಲಾರದ ಹೊರಗೆ ನಮ್ಮ ತರಬೇತಿ ಶಾಲೆಯಲ್ಲಿ ನಡೆದಂಥವು ಮತ್ತೆ ಸಿಕ್ಕಿಲ್ಲ. ಅಲ್ಲಿ ನಕ್ಕರೆ ಮೈದಾನ ಸುತ್ತಬೇಕಿತ್ತು. ನಾವು ಸುತ್ತಿದ್ದನ್ನೆಲ್ಲ ಸೇರಿಸಿದ್ದರೆ ನಡೆದುಕೊಂಡೇ ತಿರುಪತಿಗೆ ಹೋಗಿ ಬಂದ ಪುಣ್ಯ ಬರುತ್ತಿತ್ತು.

ಕೈ ಎತ್ತಿದ್ದು

ನಮ್ಮೂರು ಯಲ್ದೂರಿನ ಕಡೆ. ಮನೆಯಲ್ಲಿ ಹಿಪ್ಪುನೇರಳೆ, ರೇಷ್ಮೆ ಹುಳು. ಏಳನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿದರು. ಆಮೇಲೆ ನಾನು ಓದಿದ್ದು ಹುಳುವಿನ ತಟ್ಟೆಗೆ ಹಾಸುತ್ತಿದ್ದ ಹಳೇ ಪೇಪರಿನಲ್ಲಿ. ಹುಳು ಸೊಪ್ಪು ತಿಂದ ಹಾಗೆಲ್ಲ ಕೆಳಗಿನ ಸುದ್ದಿ ಕಾಣಿಸುತ್ತಿತ್ತು. ಕೊಲೆ ಮಾಡಿದವನು ಸಿಕ್ಕನೋ ಇಲ್ಲವೋ ಅನ್ನುವುದು ಹುಳುವಿನ ಹಸಿವಿನ ಮೇಲೆ ನಿಂತಿರುತ್ತಿತ್ತು. ಮದುವೆಯಾಗಿ ಹೋದ ಮನೆಯಲ್ಲೂ ಅದೇ ಹುಳು, ಅದೇ ಪೇಪರು. ಹಾಗೆ ಓದಿಕೊಂಡೇ ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಖಾಸಗಿಯಾಗಿ ಕಟ್ಟಿ ಪಾಸು ಮಾಡಿದೆ. ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡುತ್ತೇನೆ ಅಂತ ಬಂದವರಿಗೂ ಬೇಡ ಅಂದೆ. ನನ್ನ ಸ್ವಭಾವವೇ ಹಾಗೆ.

ವಯಸ್ಸಿನ ಮಿತಿ ಇನ್ನೇನು ಮುಗಿಯುತ್ತೆ ಅನ್ನುವಾಗ ಪೊಲೀಸ್ ಕೆಲಸ ಸಿಕ್ಕಿತು. ಆ ತಂಡದ ಹೆಣ್ಣುಮಕ್ಕಳಲ್ಲಿ ನಾನೇ ಹಿರಿಯಳು, ನಾನೇ ಕುಳ್ಳಿ. ಬೇಕಾದ ಎತ್ತರಕ್ಕೆ ಸರಿಯಾಗಿ ಅಂಚಿನಲ್ಲಿ ನಿಂತು ಪಾಸಾದವಳು. ಎಲ್ಲರೂ ನನ್ನನ್ನು ಅಕ್ಕ ಅನ್ನುತ್ತಿದ್ದರು.

ಮೊದಲನೇ ದಿನ ಕವಾಯತು ಮೇಷ್ಟ್ರು ಬಂದರು. ವಿಜಯಪುರದ ಕಡೆಯವರು, ಮೀಸೆಗೆ ತಕ್ಕ ದನಿ. ಸಾಲಿನಲ್ಲಿ ನಮ್ಮನ್ನು ನಿಲ್ಲಿಸಿ ಹೇಳಿದರು: "ತರಬೇತಿ ಮುಗಿದ ದಿನ ದೊಡ್ಡ ಪರೇಡ್ ಇರ್ತದ. ನಿಮ್ಮೊಳಗ ಒಬ್ಬಾಕಿ ಎಲ್ಲಾರ ಮುಂದ ನಿಂತು ಕಮಾಂಡ್ ಕೊಡಬೇಕು. ಆಕಿ ಹೇಳಿದಂಗ ಇಡೀ ಪರೇಡ್ ಕೇಳಬೇಕು. ಯಾರಿಗೆ ಆಸೆ ಐತಿ, ಕೈ ಎತ್ತರಿ."

ನಾನು ಎತ್ತಿದೆ. ಬೇರೆ ಯಾರೂ ಎತ್ತಲಿಲ್ಲ. ಮೇಷ್ಟ್ರು ಆ ಕಡೆ ಈ ಕಡೆ ನೋಡಿದರು. ಟೇಕಲ್ಲಿನ ಕಡೆಯಿಂದ ಬಂದಿದ್ದ ಒಬ್ಬಳು ನನ್ನ ಮುಂದೆ ನಿಂತಿದ್ದಳು. ಅವಳು ವಾಲಿಬಾಲ್ ಆಡುವವಳು, ಕರೆಂಟು ಕಂಬದ ಹಾಗೆ ಉದ್ದ. ಅವಳ ಹಿಂದಿನಿಂದ ನನ್ನ ಕೈ ಮಾತ್ರ ಕಾಣುತ್ತಿತ್ತು.

"ಯಾರದವ್ವ ಆ ಕೈ?" ಅಂದರು.

"ನಂದು ಸಾರ್."

ಬಗ್ಗಿ ನೋಡಿದರು. "ಆಗಲಿ. ಮೊದಲು ಪರೇಡಿನಾಗ ಕಾಣಿಸ್ಕೋ. ಆಮ್ಯಾಲ ಮುಂದ ನಿಂದ್ರೂದು ನೋಡೋಣು."

ಎಲ್ಲರೂ ನಕ್ಕರು, ಎಲ್ಲರೂ ಮೈದಾನ ಸುತ್ತಿದರು. ನನಗೆ ಹಟ ಹತ್ತಿತು. ಆ ಭಾನುವಾರ ಫೋನು ಕೈಗೆ ಕೊಟ್ಟಾಗ ನನ್ನ ಗಂಡನಿಗೆ ಹೇಳಿದೆ: "ಕೊನೇ ಪರೇಡಿಗೆ ಎಲ್ಲರನ್ನೂ ಕರ್ಕೊಂಡು ಬನ್ನಿ. ಮುಂದೆ ನಿಲ್ಲೋಳು ನಾನೇ."

ನನ್ನ ಗಂಡ ನನ್ನ ಮಾತನ್ನು ಅನುಮಾನಿಸುವ ಮನುಷ್ಯನಲ್ಲ. ಮುಂದಿನ ಭಾನುವಾರ ನಾನು ಫೋನು ಮಾಡುವಷ್ಟರಲ್ಲಿ ಊರಿಗೆಲ್ಲ ಸಾರಿ, ಪ್ರೈವೇಟ್ ಬಸ್ಸು ಕೂಡ ಮಾತಾಡಿಬಿಟ್ಟಿದ್ದರು.

"ಇನ್ನೂ ಆಯ್ಕೆ ಆಗಿಲ್ಲ ಕಣ್ರೀ" ಅಂದೆ.

"ಹೌದಾ?" ಅಂದರು. "ಹಾಗಾದ್ರೆ ಬೇಗ ಆಗು. ಬಸ್ಸಿನವನು ಮಾತಿಗೆ ತಪ್ಪೋನಲ್ಲ."

ಮುದ್ದೆಯ ಉಪಕಾರ

ಊಟದ ಮನೆಯಲ್ಲಿ ಮೊದಮೊದಲು ಚಪಾತಿ ಹಾಕುತ್ತಿದ್ದರು. ನಮ್ಮ ಜಿಲ್ಲೆಯ ಹೊಟ್ಟೆಗೆ ಚಪಾತಿ ಅಂದರೆ ಬಸ್ಸಿಗೆ ಕಾಯುವಾಗ ತಿನ್ನುವ ತಿಂಡಿ. ಬೆಳಗಿನ ಓಟದಲ್ಲಿ ಕಾಲು ನಡುಗುತ್ತಿತ್ತು. ಎಲ್ಲರೂ ಸೇರಿ ಬೇಡಿಕೊಂಡ ಮೇಲೆ ರಾಗಿಮುದ್ದೆ ಬಂತು, ಜೊತೆಗೆ ಹುರುಳಿಕಾಳು ಬಸ್ಸಾರು.

ಕವಾಯತು ಮೇಷ್ಟ್ರಿಗೆ ಊಟದ ಮನೆಯ ಉಸ್ತುವಾರಿಯೂ ಇತ್ತು. ಅವತ್ತು ಅವರು ಬಾಗಿಲಲ್ಲಿ ನಿಂತು ಒಂದು ಸಲ ಸೀಟಿ ಊದಿ, ಯಾರದೋ ಜೊತೆ ಎರಡು ಮಾತಾಡಿ ತಿರುಗುವಷ್ಟರಲ್ಲಿ ನಮ್ಮ ತಟ್ಟೆಗಳೆಲ್ಲ ಖಾಲಿ.

"ಎಲ್ಲಿ ಒಗದ್ರಿ?" ಅಂದರು.

"ತಿಂದ್ವಿ ಸಾರ್."

"ಇಷ್ಟು ದೊಡ್ಡ ಉಂಡಿ, ಇಷ್ಟರಾಗ? ಸುಳ್ಳು." ಮೇಜಿನ ಕೆಳಗೆ ನೋಡಿದರು, ಕಿಟಕಿಯ ಆಚೆ ನೋಡಿದರು, ಕಸದ ಬುಟ್ಟಿ ಮಗುಚಿಸಿದರು. ಎಲ್ಲೂ ಸಿಗಲಿಲ್ಲ.

ಮುಳಬಾಗಿಲಿನ ಕಡೆಯ ಹುಡುಗಿಯೊಬ್ಬಳು ನನ್ನ ಪಕ್ಕದ ಮಂಚದವಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಎರಡರಲ್ಲೂ ಬಾಯಿ ಜೋರು. ಅವಳು ಹೇಳಿದಳು: "ಅಗಿಯಲ್ಲ ಸಾರ್. ಮುರಿಯೋದು, ಸಾರಲ್ಲಿ ಅದ್ದೋದು, ನುಂಗೋದು. ನೀವೂ ಒಂದು ತಿಂದು ನೋಡಿ."

ಮೇಷ್ಟ್ರು ಜೋಳದ ರೊಟ್ಟಿ ಅಗಿದು ಬೆಳೆದವರು. ಕೂತರು. ರೊಟ್ಟಿ ಮುರಿದ ಹಾಗೆ ದೊಡ್ಡ ತುಂಡು ಮುರಿದರು, ಬಾಯಿಗಿಟ್ಟರು, ಅಗಿದರು. ನುಂಗಿ ಅಂತ ನಾವೆಲ್ಲ ಸನ್ನೆ ಮಾಡಿದೆವು. ಅವರು ಹಟಕ್ಕೆ ಇನ್ನೂ ಅಗಿದರು. ಸ್ವಲ್ಪ ಹೊತ್ತಿಗೆ ದವಡೆ ಎರಡೂ ಒಂದಕ್ಕೊಂದು ಅಂಟಿಕೊಂಡು, ಮೀಸೆ ಮಾತ್ರ ಆಡುತ್ತಿತ್ತು.

ಅಷ್ಟರಲ್ಲಿ ಮುಂದಿನ ತರಗತಿಯ ಗಂಟೆ ಹೊಡೆಯಿತು. ನಮ್ಮನ್ನು ಸಾಲು ಮಾಡಿಸಿ ಕಳಿಸಬೇಕು, ಅವರ ಬಾಯಿ ತೆರೆಯದು. ಕಣ್ಣಲ್ಲೇ ಸುತ್ತ ನೋಡಿ, ಹತ್ತಿರ ಕೂತಿದ್ದ ನನ್ನ ಕಡೆ ಕೈ ತೋರಿಸಿ, ಕಮಾಂಡ್ ಕೊಡು ಅಂತ ಸನ್ನೆ ಮಾಡಿದರು.

ನನ್ನ ಬದುಕಿನ ಮೊದಲ ಕಮಾಂಡ್ ಅದು. ಜೋರಾಗಿ ಕೊಟ್ಟೆ. ಸಾಲು ನಿಂತಿತು, ನಡೆಯಿತು. ತರಗತಿ ಮುಗಿದು ಬಂದಾಗ ಮೇಷ್ಟ್ರು ಚೊಂಬು ನೀರು ಹಿಡಿದು ಅಲ್ಲೇ ಕೂತಿದ್ದರು.

"ಊಟ ಅಲ್ಲವ್ವಾ ಇದು" ಅಂದರು ನಿಧಾನವಾಗಿ. "ಬಂದೋಬಸ್ತು."

ಬೂಟು ಬಿಟ್ಟ ಜಾಗ

ರೈಫಲ್ ಕೈಗೆ ಕೊಡುವ ದಿನ ಬಂತು. ಶಸ್ತ್ರಾಗಾರದ ಬಾಗಿಲು ತೆಗೆದರು. ಆಯುಧಪೂಜೆ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಒಂದೊಂದು ರೈಫಲ್ಲಿಗೂ ಅರಿಶಿನ ಕುಂಕುಮ, ಬಾಗಿಲಿಗೆ ಬಾಡಿದ ಮಾವಿನ ತೋರಣ, ಮೂಲೆಯಲ್ಲಿ ಊದುಬತ್ತಿಯ ಬೂದಿ.

ಸಾಲಿನಲ್ಲಿ ಮೊದಲು ಇದ್ದವಳು ಮುಳಬಾಗಿಲಿನವಳು. ಒಳಗೆ ನೋಡಿದಳು, ಸುಮ್ಮನೆ ಬೂಟು ಬಿಚ್ಚಿ ಪಕ್ಕಕ್ಕೆ ಇಟ್ಟಳು. ಎರಡನೆಯವಳೂ ಬಿಚ್ಚಿದಳು. ಆಮೇಲೆ ಯಾರೂ ಯಾಕೆ ಅಂತ ಕೇಳಲಿಲ್ಲ. ನನ್ನ ಸರದಿ ಬಂದಾಗ ನಾನೂ ಬಿಚ್ಚಿದೆ. ಕುಂಕುಮ ಇಟ್ಟಿರುವ ಜಾಗಕ್ಕೆ ಬೂಟುಗಾಲಲ್ಲಿ ಹೋಗುವಷ್ಟು ನಾವು ಇನ್ನೂ ಪೊಲೀಸರಾಗಿರಲಿಲ್ಲ. ರೈಫಲ್ ಇಸಕೊಂಡು ಕಣ್ಣಿಗೊತ್ತಿಕೊಂಡು ಹೊರಗೆ ಬಂದು ನಿಂತೆವು.

ಮೇಷ್ಟ್ರು ಆಫೀಸಿನಿಂದ ಬಂದು ನೋಡುತ್ತಾರೆ, ಎದುರಿಗೆ ರೈಫಲ್ ಹಿಡಿದ ಇಡೀ ತುಕಡಿ, ಕಾಲಲ್ಲಿ ಬರೀ ಕಾಲುಚೀಲ.

"ಯುದ್ಧ ಬಂದ್ರ ಏನ್ ಮಾಡ್ತೀರಿ? ಶತ್ರುಗೆ ತಡಿಯಪ್ಪಾ ಅಂತೀರೇನು?" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಎಲ್ಲಾರಕಿಂತ ಹಿರ್ಯಾಕಿ ನೀನು. ಮುಂದ ನಿಂದ್ರಾಕಿ ಅಂದಿ. ಇವರ ಹಿಂದ ಹೋಗಿ ಬೂಟು ಬಿಚ್ಚೀಯಲ್ಲ?"

ಅವರ ಮಾತು ಸರಿಯಾಗಿ ನಾಟಿತು. ಎಲ್ಲರ ಬೂಟೂ ಒಂದೇ ತರಹದವು, ಹೊಸವು. ಅವಸರದಲ್ಲಿ ಸಿಕ್ಕಿದ್ದನ್ನು ಹಾಕಿಕೊಂಡೆವು. ಅವತ್ತು ಪೂರ್ತಿ ಟೇಕಲ್ಲಿನ ಉದ್ದದವಳು ನನ್ನ ಬೂಟಿನಲ್ಲಿ ಬೆಕ್ಕಿನ ಹಾಗೆ ತುದಿಗಾಲಲ್ಲಿ ನಡೆದಳು. ಅವಳ ಬೂಟಿನಲ್ಲಿ ನಾನು ಒಂದು ಹೆಜ್ಜೆ ಇಟ್ಟರೆ ಬೂಟು ಆಮೇಲೆ ಬರುತ್ತಿತ್ತು.

ಮರುದಿನ ಆ ಬಾಗಿಲಿಗೆ ಬೋರ್ಡು ಬಿತ್ತು: 'ಬೂಟು ಹಾಕಿಕೊಂಡೇ ಒಳಗೆ ಬರತಕ್ಕದ್ದು.' ನಮ್ಮ ಜಿಲ್ಲೆಯಲ್ಲಿ ಇಂಥ ಬೋರ್ಡು ಬೇರೆ ಎಲ್ಲೂ ಇರಲಾರದು. ಸಂಜೆ ಹೊತ್ತಿಗೆ ಯಾರೋ ಬೋರ್ಡಿಗೂ ಕುಂಕುಮ ಇಟ್ಟಿದ್ದರು.

ಅತ್ತೆ ಕೇಳಿದ ವಿದ್ಯೆ

ತಿಂಗಳಿಗೊಂದು ಭಾನುವಾರ ಮನೆಯವರು ನೋಡಲು ಬರಬಹುದಿತ್ತು. ನನ್ನ ಅತ್ತೆ ಒಮ್ಮೆ ಬಂದರು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಕಜ್ಜಾಯದ ಡಬ್ಬಿ ಹಿಡಿದು, ಹೊತ್ತಿಗೆ ಮೊದಲೇ ಗೇಟಿನೊಳಗೆ ಬಂದುಬಿಟ್ಟಿದ್ದರು.

ನನ್ನ ಗ್ರಹಚಾರ, ಆ ಹೊತ್ತಿಗೆ ನಾನು ಶಿಕ್ಷೆಯಲ್ಲಿದ್ದೆ. ಬೆಳಿಗ್ಗೆ ಮೇಷ್ಟ್ರ ಜೊತೆ ವಾದ ಮಾಡಿದ್ದೆ. ನನ್ನ ಎಡಗಾಲು ಸರಿಯಾಗಿಯೇ ಎದ್ದಿತ್ತು, ಅವರು ಇಲ್ಲ ಅಂದರು. ಈಗಲೂ ಹೇಳುತ್ತೇನೆ, ಎದ್ದಿತ್ತು. ಮೈದಾನದ ಈ ತುದಿಯಿಂದ ಆ ತುದಿಗೆ ಉರುಳು ಅಂತ ಹೇಳಿದ್ದರು. ಕೆಂಪು ಮಣ್ಣಲ್ಲಿ ನಾನು ಉರುಳುತ್ತಾ ಬಂದು ನಿಂತಿದ್ದು ಸರಿಯಾಗಿ ಅತ್ತೆಯ ಕಾಲ ಹತ್ತಿರ.

ಅತ್ತೆ ಕೆಳಗೆ ನೋಡಿದರು. ನಾನು ಮೇಲೆ ನೋಡಿದೆ. ಅವರು ಡಬ್ಬಿ ನೆಲಕ್ಕಿಟ್ಟು ನೇರವಾಗಿ ಮೇಷ್ಟ್ರ ಕಡೆ ನಡೆದರು. ಇನ್ನು ಜಗಳ ಗ್ಯಾರಂಟಿ ಅಂದುಕೊಂಡೆ. ಮೇಷ್ಟ್ರಿಗೂ ಹಾಗೇ ಅನ್ನಿಸಿರಬೇಕು, ಎರಡು ಹೆಜ್ಜೆ ಹಿಂದೆ ಸರಿದರು.

"ನೋಡಮ್ಮಾ, ಇದು ತರಬೇತಿ. ಎಲ್ಲಾರಿಗೂ ಇರ್ತದ" ಅಂದರು.

ಅತ್ತೆ ಕೈ ಮುಗಿದರು. "ಅದಲ್ಲ ಸಾಮಿ. ಮದುವೆ ಆಗಿ ಬಂದಾಗಿಂದ ನೋಡ್ತಿದೀನಿ, ಒಂದು ದಿನ ನನ್ನ ಮುಂದೆ ತಲೆ ಬಗ್ಗಿಸಿದೋಳಲ್ಲ. ಅವಳು ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ನೀವು ಉರುಳುಸೇವೆ ಮಾಡಿಸ್ತಿದೀರಾ. ಆ ವಿದ್ಯೆ ನಂಗೂ ಒಂಚೂರು ಹೇಳ್ಕೊಡಿ."

ಮೇಷ್ಟ್ರು ಮೊದಲ ಸಲ ನಮ್ಮೆದುರಿಗೆ ನಕ್ಕರು. ಕಜ್ಜಾಯ ತಿಂದರು. ಹೋಗುವಾಗ ಅತ್ತೆ ಮತ್ತೆ ಕೇಳಿದರು: "ಕೊನೇ ದಿನ ಇವಳೇ ಮುಂದೆ ನಿಲ್ತಾಳಂತಲ್ಲ ಸಾಮಿ? ಊರೆಲ್ಲ ಬರೋದು ಅಂತಾಗಿದೆ."

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

"ಹಂಗಂತ ನಿಮಗ ಯಾರು ಹೇಳಿದ್ರು?"

"ಅವಳೇ."

"ಒಳ್ಳೇದಾತು" ಅಂದರು ಮೇಷ್ಟ್ರು. "ನನಗೂ ಈಗ ಗೊತ್ತಾತು."

ಹೇಳಿಕೆ ಕೊಟ್ಟ ಹೆಣ

ಕೊಲೆ ನಡೆದ ಜಾಗಕ್ಕೆ ಪೊಲೀಸರು ಹೋದರೆ ಏನು ಮಾಡಬೇಕು ಅನ್ನುವುದನ್ನು ಕಲಿಸಲು ಕಾನೂನು ಪಾಠದ ಮೇಡಂ ಒಂದು ನಾಟಕ ಮಾಡಿಸಿದರು. ಮುಳಬಾಗಿಲಿನವಳು ಹೆಣ. ಅವಳನ್ನು ಚಾಪೆಯ ಮೇಲೆ ಮಲಗಿಸಿ, ಸುತ್ತ ಸುಣ್ಣದ ಗೆರೆ ಎಳೆದರು. ನಾಲ್ಕೈದು ಜನ ಸತ್ತವಳ ನೆಂಟರು. ನಾನು ಮತ್ತು ಟೇಕಲ್ಲಿನವಳು ಪೊಲೀಸರು. ಯಾರು ಗುಂಪನ್ನು ಚೆನ್ನಾಗಿ ನಿಭಾಯಿಸುತ್ತಾರೆ ಅಂತ ನೋಡಲು ಕವಾಯತು ಮೇಷ್ಟ್ರೂ ಬಂದು ಕೂತಿದ್ದರು. ಕಮಾಂಡರ್ ಆಯ್ಕೆಗೆ ಇದನ್ನೂ ಲೆಕ್ಕಕ್ಕೆ ತಗೋತೀನಿ ಅಂದಿದ್ದರು. ನಾನು ಕೋಲು ಹಿಡಿದು ಗಟ್ಟಿಯಾಗಿ ನಿಂತಿದ್ದೆ.

ಮೇಡಂ ನೆಂಟರಿಗೆ ಹೇಳಿದರು: "ನೀವು ಅಳುತ್ತಾ ಗೆರೆ ದಾಟೋಕೆ ನೋಡಬೇಕು. ಸ್ವಲ್ಪ ನೈಜವಾಗಿರಲಿ."

ನೈಜವಾಗಿರಲಿ ಅನ್ನಬಾರದಿತ್ತು. ನಮ್ಮ ಕಡೆ ಸಾವಿನ ಮನೆಯಲ್ಲಿ ಸುಮ್ಮನೆ ಅಳುವುದಿಲ್ಲ. ಸತ್ತವರ ಒಂದೊಂದು ಗುಣವನ್ನೂ ರಾಗವಾಗಿ ಹಾಡಿ ಹಾಡಿ ಅಳುತ್ತಾರೆ. ನೆಂಟರಲ್ಲಿ ಇಬ್ಬರು ಮುಳಬಾಗಿಲಿನ ಕಡೆಯವರೇ, ಹೆಣದ ಪಕ್ಕದ ಊರಿನವರು. ತೆಲುಗಿನಲ್ಲಿ ಎದೆ ಬಡಿದುಕೊಂಡು ಶುರು ಮಾಡಿದರು. "ನಾ ತಲ್ಲೀ, ನಗ್ತಾ ನಗ್ತಾ ಇರೋಳು ಹೋದ್ಯಲ್ಲೇ. ಹಬ್ಬಕ್ಕೆ ಹೋಳಿಗೆ ತಟ್ಟಿದ್ರೆ ಬೀದಿಗೆಲ್ಲ ಹಂಚ್ತಿದ್ದೆ ತಲ್ಲೀ. ನಿಮ್ಮಪ್ಪನಿಗೆ ನೀನೇ ಗಂಡುಮಗ ಆಗಿದ್ದೆ ತಲ್ಲೀ" ಅಂತ ಅದರ ಅರ್ಥ, ತಲ್ಲಿ ಅಂದರೆ ತಾಯಿ. ಅವಳ ನಿಜವಾದ ಗುಣಗಳನ್ನೇ ಹಾಡುತ್ತಿದ್ದರು.

ಟೇಕಲ್ಲಿನವಳು ಗುಂಪು ತಡೆಯುವುದನ್ನು ಬಿಟ್ಟು ಕಣ್ಣು ಒರೆಸಿಕೊಂಡಳು. ಮೇಡಂ ಕನ್ನಡಕ ತೆಗೆದರು. ನಾನು ಮಾತ್ರ ಗೆರೆ ಬಿಟ್ಟು ಕದಲಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಬಿಕ್ಕುವ ಸದ್ದು. ತಿರುಗಿ ನೋಡಿದರೆ ಹೆಣದ ಕಣ್ಣಿಂದ ನೀರು ಇಳಿಯುತ್ತಿದೆ.

"ಲೇ, ಸುಮ್ನೆ ಮಲ್ಕೊಳ್ಳೇ, ನೀನು ಸತ್ತಿದೀಯ" ಅಂದೆ ಮೆಲ್ಲಗೆ.

ಹಾಡು ಮುಂದೆ ಹೋಯಿತು: "ಎರಡು ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ತಂಗೀನ ಓದಿಸಿದ್ಯಲ್ಲೇ ತಲ್ಲೀ."

ಹೆಣ ಎದ್ದು ಕೂತಿತು. ಮೂಗು ಒರೆಸಿಕೊಂಡು ಹೇಳಿತು: "ಎರಡಲ್ಲ ಕಣೇ, ಮೂರು. ಕಪ್ಪು ಹಸೂನ ಯಾಕೆ ಬಿಟ್ಟೆ?"

ಯಾರು ಏನು ಮಾಡಬೇಕು ಅಂತ ಪುಸ್ತಕದಲ್ಲಿ ಇರಲಿಲ್ಲ. ನಾನು ಜೇಬಿನಿಂದ ಪೆನ್ನು ತೆಗೆದು ಟೇಕಲ್ಲಿನವಳ ಕೈಗೆ ಕೊಟ್ಟೆ.

"ನಿಂತ್ಕೊಂಡು ಏನ್ ನೋಡ್ತೀಯ? ಹೆಣ ಹೇಳಿಕೆ ಕೊಡ್ತಿದೆ, ಬರ್ಕೋ. ಸಾಕ್ಷಿ ಮತ್ತೆ ಸಿಗಲ್ಲ."

ಹಾಲಿನ ಸೊಸೈಟಿಗೆ ಸಂದ ವಂದನೆ

ಕೊನೆಗೆ ಕಮಾಂಡರ್ ಆಯ್ಕೆಯ ದಿನ ಬಂತು. ಉಳಿದಿದ್ದವರು ನಾವಿಬ್ಬರೇ, ಕೈ ಎತ್ತದಿದ್ದರೂ ಎತ್ತರ ನೋಡಿ ಮೇಷ್ಟ್ರೇ ಸೇರಿಸಿದ್ದ ಟೇಕಲ್ಲಿನವಳು ಮತ್ತು ನಾನು. ತುಕಡಿಯನ್ನು ನಡೆಸಿಕೊಂಡು ಬಂದು, ಗೋಡೆಯ ಪಕ್ಕ ಹಾದುಹೋಗುವಾಗ ಬಲಕ್ಕೆ ತಲೆ ತಿರುಗಿಸಿ ವಂದನೆ ಮಾಡಿಸಿ, ನಿಲ್ಲಿಸಬೇಕು. ಗೋಡೆ ಮೋಟು, ಅದರಾಚೆ ರಸ್ತೆ.

ಟೇಕಲ್ಲಿನವಳು ಶುರು ಮಾಡಿದಳು. ಅವಳ ನಿಲುವು ನೋಡಿದರೆ ನನಗೇ ಸೆಲ್ಯೂಟ್ ಹೊಡೆಯಬೇಕು ಅನ್ನಿಸಿತು. ತುಕಡಿ ಅರ್ಧ ಮೈದಾನ ಬಂದಿತ್ತು. ಆಗ ರಸ್ತೆಯಲ್ಲಿ ತಮಟೆ ಸದ್ದು ಕೇಳಿತು.

ತಮಟೆ ಕೇಳಿದರೆ ನಮ್ಮ ಕಡೆಯ ಕಾಲು ಯಾರ ಮಾತೂ ಕೇಳುವುದಿಲ್ಲ. ಮೊದಲು ಹಿಂದಿನ ಸಾಲಿನ ಹೆಜ್ಜೆ ಬದಲಾಯಿತು. ಆಮೇಲೆ ಮಧ್ಯದ್ದು. ನೋಡುನೋಡುತ್ತಾ ಇಡೀ ತುಕಡಿ ಭುಜ ಕುಣಿಸುತ್ತಾ ತಮಟೆಗೆ ನಡೆಯತೊಡಗಿತು. ಟೇಕಲ್ಲಿನವಳು ಕೂಗಿದಳು. ಯಾರಿಗೂ ಕೇಳಿಸಲಿಲ್ಲ. ಮೇಷ್ಟ್ರು ಕೂಗಿದರು. ಅವರಿಗೂ ಅದೇ ಗತಿ. "ಪರೇಡೇನು ಇದು, ಮದಿವಿ ಮೆರವಣಿಗಿಯೇನು?" ಅಂತ ತಲೆಯ ಟೋಪಿ ಕೈಗೆ ತಗೊಂಡರು. ಅವಳು ಬೆವರಿ ನನ್ನ ಕಡೆ ನೋಡಿ, "ಅಕ್ಕ, ನನ್ನ ಕೈಲಾಗಲ್ಲ, ನೀನು ನೋಡು" ಅಂದಳು.

ನಾನು ಓಡಿಹೋಗಿ ಪಕ್ಕಕ್ಕೆ ನಿಂತೆ. ತಮಟೆಯನ್ನು ನಿಲ್ಲಿಸುವುದು ನನ್ನಿಂದಾಗದು, ಅದು ನನಗೆ ಗೊತ್ತಿತ್ತು. ಅದರ ಜೊತೆಗೇ ಹೋದೆ. ಪೆಟ್ಟು ಬೀಳುವ ಜಾಗ ನೋಡಿ, ಆ ಪೆಟ್ಟಿನ ಮೇಲೇ ಎಡ, ಬಲ ಕೂಗಿದೆ. ಹೆಜ್ಜೆ ಒಂದಾಯಿತು. ಗೋಡೆಯ ಹತ್ತಿರ ಬಂದ ಹಾಗೆ ದೊಡ್ಡ ಪೆಟ್ಟಿಗೆ ಸರಿಯಾಗಿ ಬಲಕ್ಕೆ ನೋಡುವ ಕಮಾಂಡ್ ಕೊಟ್ಟೆ. ಇಡೀ ತುಕಡಿಯ ತಲೆ ಒಂದೇ ಏಟಿಗೆ ರಸ್ತೆಯ ಕಡೆ ತಿರುಗಿತು. ಅಷ್ಟು ಚೆನ್ನಾದ ವಂದನೆ ನಾವು ಅದುವರೆಗೆ ಮಾಡಿರಲಿಲ್ಲ.

ಗೋಡೆಯಾಚೆ ಟ್ರ್ಯಾಕ್ಟರ್ ಮೇಲೆ ಹಾರ ಹಾಕಿಕೊಂಡು ಒಬ್ಬ ಯಜಮಾನರು ನಿಂತಿದ್ದರು. ಯಾವುದೋ ಊರಿನ ಹಾಲಿನ ಸೊಸೈಟಿ ಚುನಾವಣೆಯಲ್ಲಿ ಗೆದ್ದವರು. ಗೋಡೆಯ ಈಚೆ ಇಷ್ಟು ಜನ ಪೊಲೀಸರು ಒಟ್ಟಿಗೆ ತಮ್ಮ ಕಡೆ ತಿರುಗಿ ವಂದನೆ ಮಾಡಿದ್ದನ್ನು ಕಂಡು ಅವರು ಟ್ರ್ಯಾಕ್ಟರ್ ನಿಲ್ಲಿಸಿ, ಎರಡೂ ಕೈ ಮುಗಿದು, ಕಣ್ಣು ತುಂಬಿಕೊಂಡರು. ತಮಟೆಯವರು ಇನ್ನೂ ಜೋರಾಗಿ ಬಾರಿಸಿದರು. ನಾನು ತುಕಡಿ ನಿಲ್ಲಿಸಿದೆ. ಅದೇ ಪೆಟ್ಟಿಗೆ ತಮಟೆಯೂ ನಿಂತಿತು.

ಮೇಷ್ಟ್ರು ಟೋಪಿ ಮತ್ತೆ ಹಾಕಿಕೊಂಡರು. ನನ್ನ ಕಡೆ ತಿರುಗಿ, "ಕಾಣಿಸಾಕತ್ತೀ ಬಿಡು" ಅಂದರು. ಆಯ್ಕೆ ಆಯಿತು ಅಂತ ನನಗೆ ಗೊತ್ತಾದದ್ದು ಹಾಗೆ.

ಸಂಜೆ ಊಟದ ಮನೆಗೆ ಎರಡು ಕ್ಯಾನು ಹಾಲು, ಒಂದು ಬುಟ್ಟಿ ಬಾಳೆಹಣ್ಣು ಬಂತು. ತಂದವನು ಹೇಳಿದ: "ನಮ್ಮ ಯಜಮಾನರು ಕೊಟ್ಟಿದ್ದಾರೆ. ಬರೀ ಡೈರೆಕ್ಟರ್ ಆಗಿದ್ದಕ್ಕೆ ಸರ್ಕಾರ ಇಷ್ಟು ಮರ್ಯಾದೆ ಕೊಟ್ಟರೆ, ಮುಂದಿನ ಸಲ ಅಧ್ಯಕ್ಷರಿಗೇ ನಿಲ್ತಾರಂತೆ."

ಕೊನೆಯ ಪರೇಡ್

ಆ ದಿನ ಬಂತು. ಮೈದಾನದ ಎದುರಿಗೆ ವೇದಿಕೆ, ಅದರ ಎರಡೂ ಪಕ್ಕ ಶಾಮಿಯಾನ. ನನ್ನ ಗಂಡ ಬಸ್ಸು ಮಾತಾಡಿದ್ದನ್ನು ಕೇಳಿ ಉಳಿದ ಹುಡುಗಿಯರ ಮನೆಯವರೂ ಅದನ್ನೇ ಮಾಡಿದ್ದರು. ಮಾಲೂರಿನಿಂದ, ಮುಳಬಾಗಿಲಿನಿಂದ, ಶ್ರೀನಿವಾಸಪುರದಿಂದ ಊರಿಗೆ ಊರೇ ಬಂದು ಕೂತಿತ್ತು. ಮುಂದಿನ ಸಾಲಿನಲ್ಲಿ ನನ್ನ ಗಂಡ, ಅತ್ತೆ, ನನ್ನನ್ನು ಶಾಲೆ ಬಿಡಿಸಿದ್ದ ನಮ್ಮಪ್ಪ.

ವೇದಿಕೆಯ ಮೇಲೆ ವಂದನೆ ತಗೊಳ್ಳಲು ದೊಡ್ಡ ಸಾಹೇಬರು ಬಂದು ನಿಂತರು. ಮೇಷ್ಟ್ರು ಬೆಳಿಗ್ಗೆಯೇ ಹೇಳಿದ್ದರು: "ಇವತ್ತು ನನ್ನ ಮೀಸಿ ನಿನ್ನ ಕೈಯಾಗ ಐತಿ."

ನಾನು ಒಬ್ಬಳೇ ಎಲ್ಲರ ಮುಂದೆ ನಿಂತೆ. ಹಿಂದೆ ಇಡೀ ಪರೇಡ್. ಉಸಿರು ತುಂಬಿಕೊಂಡು ಮೊದಲ ಕಮಾಂಡ್ ಕೊಟ್ಟೆ. ಹೊಲದ ಆ ತುದಿಯಲ್ಲಿ ಇರುವವರನ್ನು ಕರೆದು ಕರೆದು ಪಳಗಿದ ಗಂಟಲು ನನ್ನದು, ಮೈಕು ಬೇಕಿಲ್ಲ.

"ಪರೇಡ್... ಸಾವಧಾನ್."

ಹಿಂದೆ ಬೂಟುಗಳು ಒಂದೇ ಏಟಿಗೆ ನೆಲಕ್ಕೆ ಬಿದ್ದವು. ಮುಂದೆ ಶಾಮಿಯಾನ ಎದ್ದು ನಿಂತಿತು.

ಎಲ್ಲರೂ. ನಮ್ಮ ಹಳ್ಳಿಗಳಲ್ಲಿ ಬಾವುಟ ಹಾರಿಸುವ ದಿನ ಶಾಲೆಯ ಮೇಷ್ಟ್ರು ಸಾವಧಾನ್ ಅಂದರೆ ಹೊರಗೆ ನಿಂತ ಊರವರೂ ನೆಟ್ಟಗೆ ನಿಲ್ಲಬೇಕು, ಕದಲಿದರೆ ದೇಶಕ್ಕೆ ಅವಮಾನ ಅಂತ ಲೆಕ್ಕ. ಆ ಅಭ್ಯಾಸ ಎಷ್ಟು ವಯಸ್ಸಾದರೂ ಹೋಗುವುದಿಲ್ಲ. ಮುದುಕರು ಕೋಲು ಪಕ್ಕಕ್ಕಿಟ್ಟು ಕೈ ತೊಡೆಗೆ ಅಂಟಿಸಿದರು. ಹೆಂಗಸರು ಮಕ್ಕಳನ್ನು ಸೊಂಟದಿಂದ ಇಳಿಸಿ ನಿಲ್ಲಿಸಿದರು.

ಈಗ ಕೂರುತ್ತಾರೆ ಅಂತ "ವಿಶ್ರಾಮ್" ಅಂದೆ. ಶಾಮಿಯಾನ ಕಾಲು ಅಗಲ ಮಾಡಿ, ಕೈ ಹಿಂದೆ ಕಟ್ಟಿಕೊಂಡು ನಿಂತಿತು. ಮತ್ತೆ "ಸಾವಧಾನ್" ಅಂದೆ. ಮತ್ತೆ ಕಾಲು ಸೇರಿಸಿದರು. ನಮ್ಮಪ್ಪನ ಕಾಲು ಸ್ವಲ್ಪ ತಡವಾಯಿತು, ಅತ್ತೆ ಮೊಣಕೈಯಲ್ಲಿ ತಿವಿದರು.

ಫೋಟೊದವರಿಗೆ ಏನೂ ಕಾಣದು. ಹಿಂದಿನ ಸಾಲಿನವರು ಕುರ್ಚಿ ಹತ್ತುತ್ತಿದ್ದಾರೆ. ವೇದಿಕೆಯ ಪಕ್ಕದಲ್ಲಿ ಮೇಷ್ಟ್ರು ತುಟಿ ಅಲ್ಲಾಡಿಸದೆ ನನಗೆ ಕೇಳುವ ಹಾಗೆ, "ಕುಂದರ್ಸು, ಕುಂದರ್ಸು ಅವರನ್ನ" ಅನ್ನುತ್ತಿದ್ದರು. ಮುಂದಿನ ಕಮಾಂಡ್ ಸಲಾಮಿಯದ್ದು. ಅದನ್ನು ಕೊಟ್ಟರೆ ಮೂರು ತಾಲ್ಲೂಕು ಒಟ್ಟಿಗೆ ಸಾಹೇಬರಿಗೆ ಸೆಲ್ಯೂಟ್ ಹೊಡೆಯುವುದು ಖಂಡಿತ. ಅತ್ತೆ ಆಗಲೇ ಬಲಗೈಯ ಬಳೆ ಹಿಂದಕ್ಕೆ ಸರಿಸಿಕೊಂಡು ತಯಾರಾಗಿದ್ದರು.

ಜನರನ್ನು ಕೂರಿಸುವ ಕಮಾಂಡ್ ಕವಾಯತಿನ ಪುಸ್ತಕದಲ್ಲಿ ಇಲ್ಲ. ಕೈ ಸನ್ನೆ ಮಾಡುವ ಹಾಗಿಲ್ಲ, ಕಮಾಂಡರ್ ಕೈ ಅಲ್ಲಾಡಿಸಿದರೆ ಪರೇಡ್ ಕೆಟ್ಟಂತೆ. ಇಷ್ಟು ತಿಂಗಳು ಹಟ ಹಿಡಿದು ಮುಂದೆ ಬಂದಿದ್ದೇನೆ, ನನ್ನೂರಿನವರೇ ನನ್ನ ಪರೇಡ್ ಮುಳುಗಿಸುತ್ತಿದ್ದಾರೆ. ಇರಲಿ ಅಂತ ಗಂಟಲು ಇನ್ನೂ ಎತ್ತರಿಸಿ, ಅದೇ ಗತ್ತಿನಲ್ಲಿ ಎಳೆದೆ.

"ಶಾಮಿಯಾನಾ... ಕೂತ್ಕೋ."

ಕೂತರು. ಸಾವಿರ ಕುರ್ಚಿ ಒಂದೇ ಕುರ್ಚಿಯ ಹಾಗೆ ಸದ್ದು ಮಾಡಿತು. ಕುರ್ಚಿ ಸಿಗದವರು ಇದ್ದಲ್ಲೇ ನೆಲಕ್ಕೆ ಕೂತರು. ಗೇಟಿನ ಹತ್ತಿರ ಕಡಲೆಕಾಯಿ ಮಾರುವವನೂ ಕೂತ. ನನ್ನ ಹಿಂದೆ ಪರೇಡ್ ಕದಲಲಿಲ್ಲ. ಮುಳಬಾಗಿಲಿನವಳ ಮಂಡಿ ಮಾತ್ರ ಅರ್ಧ ಬಗ್ಗಿ ಮತ್ತೆ ನೆಟ್ಟಗಾಯಿತಂತೆ, ಅವಳೇ ಆಮೇಲೆ ಒಪ್ಪಿಕೊಂಡಳು.

ಸಲಾಮಿ ಕೊಟ್ಟೆವು. ನಡೆದೆವು. ಒಂದು ಹೆಜ್ಜೆ ಕೂಡ ತಪ್ಪಲಿಲ್ಲ. ಎಡಗಾಲು ಚೆನ್ನಾಗಿಯೇ ಎದ್ದಿತು, ಈ ಸಲ ಮೇಷ್ಟ್ರೂ ಇಲ್ಲ ಅನ್ನಲಿಲ್ಲ.

ಎಲ್ಲ ಮುಗಿದ ಮೇಲೆ ದೊಡ್ಡ ಸಾಹೇಬರು ನನ್ನನ್ನು ಹತ್ತಿರ ಕರೆದರು. ಪಕ್ಕದಲ್ಲಿ ಮೇಷ್ಟ್ರು ಮೀಸೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಪುಸ್ತಕದಲ್ಲಿ ಇಲ್ಲದ ಕಮಾಂಡ್ ಕೊಟ್ಟವಳು ನಾನು, ಬೈಸಿಕೊಳ್ಳುವವರು ಅವರು. ಕೇಳುವ ಮೊದಲೇ ನಾನು ಹೇಳಿದೆ: "ತಪ್ಪಾಗಿದ್ರೆ ನಂದೇ ಸಾರ್. ಆದ್ರೆ ಬೇರೆ ದಾರಿ ಇರ್ಲಿಲ್ಲ. ಮತ್ತೆ ಅಂಥಾ ಸಂದರ್ಭ ಬಂದ್ರೆ ಮತ್ತೆ ಅದೇ ಕಮಾಂಡ್ ಕೊಡ್ತೀನಿ."

ಸಾಹೇಬರು ಗಂಭೀರವಾಗಿ ನನ್ನನ್ನು ನೋಡಿದರು. ಆಮೇಲೆ ಸ್ವಲ್ಪ ಬಗ್ಗಿ, ಮೇಷ್ಟ್ರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

"ಮುಂದಿನ ಸಲ ಕೊಡೋ ಮುಂಚೆ ವೇದಿಕೆ ಮೇಲೂ ಒಂದು ಕುರ್ಚಿ ಹಾಕ್ಸಮ್ಮ. ನೀನು ಕೂತ್ಕೋ ಅಂದಾಗ ನಾನೂ ಬಗ್ಗಿ ಆಗಿತ್ತು. ಹಿಂದೆ ಏನೂ ಸಿಗಲಿಲ್ಲ, ಅದಕ್ಕೆ ಮತ್ತೆ ಎದ್ದೆ."